ಅಳಿಯಾ, ಹೊರಗೆ

ಮಾವನ ಮನೆಯಲ್ಲಿ ನನಗೂ ಒಂದು ಸ್ಥಾನವಿದೆ. ಅದು ಹಿಂಬಾಗಿಲಿನ ಆಚೆಗಿದೆ, ಅಷ್ಟೆ.

ಮದುವೆಯಾದ ಹೊಸತು. ಟಿ.ವಿ.ಯಲ್ಲಿ ಕಾಲೇಜು ಫುಟ್‌ಬಾಲ್. ನನ್ನ ಮಾವ ಆರ್ವಿಲ್ ಲಿಂಡ್‌ಕ್ವಿಸ್ಟ್ ಅವರ ಪ್ರಾಣವಾದ ಸಾರಂಗ ತಂಡ ಇನ್ನೇನು ಸೋಲಬೇಕು, ಆಗ ನಾನು ಕೆಂಡದ ಮೇಲಿಟ್ಟ ಸಾಸೇಜ್ ಮಗುಚಿಹಾಕಲು ಹಿತ್ತಿಲಿಗೆ ಹೋದೆ. ಬರುವಷ್ಟರಲ್ಲಿ ಸಾರಂಗಗಳು ಗೆದ್ದಿದ್ದವು. ಮನೆಮಂದಿಯೆಲ್ಲ ನನ್ನನ್ನು ಪವಾಡಪುರುಷನನ್ನು ನೋಡುವಂತೆ ನೋಡಿದರು. ಅಂದಿನಿಂದ ಪಂದ್ಯ ಬಿಗಿಯಾದಾಗಲೆಲ್ಲ ಮಾವ ಟಿ.ವಿ.ಯಿಂದ ಕಣ್ಣು ಕೀಳದೆ, "ಅಳಿಯಾ, ಹೊರಗೆ" ಎನ್ನುತ್ತಾರೆ. ನಾನು ಹೊರಡುತ್ತೇನೆ. (ಮಿನ್ನೆಸೋಟದ ಡಿಸೆಂಬರಿನಲ್ಲಿ ಹೊರಗೆ ನಿಲ್ಲುವುದೆಂದರೇನೆಂದು ನನ್ನ ಮೂಗನ್ನು ಕೇಳಿ, ಅದಿನ್ನೂ ಇದ್ದರೆ.) ಹೊರಗಿನಿಂದ ಬಂದವನು ಹೊರಗೇ ಉಳಿದೆ. ಆದರೂ ಒಳಗೊಳಗೇ ಹೆಮ್ಮೆ. ಸಕಲ ಸಾರಂಗಕುಲ ಸಂರಕ್ಷಕನೆಂದರೆ ಸಾಮಾನ್ಯವೇ?

ಈ ವರ್ಷ ಎಡವಟ್ಟಾಯಿತು. ನಾನು ಮಿಸಿಸಿಪ್ಪಿಯವನು, ಪೆಲಿಕನ್ ತಂಡದ ಕಾಲೇಜಿನಲ್ಲಿ ಓದಿದವನು. ಸಾರಂಗಗಳದು ಉತ್ತರದ ಒಕ್ಕೂಟ, ಪೆಲಿಕನ್‌ಗಳದು ದಕ್ಷಿಣದ್ದು. ಇಬ್ಬರೂ ಎದುರಾಗುವ ಪ್ರಮೇಯವೇ ಇರಲಿಲ್ಲ. ನನ್ನ ಸಂಸಾರದ ಶಾಂತಿ ನಿಂತಿದ್ದೇ ಈ ಭೂಗೋಳದ ಮೇಲೆ. ಆದರೆ ಋತುವಿನ ಕೊನೆಯ ಬೌಲ್ ಪಂದ್ಯಕ್ಕೆ ಜೋಡಿ ಹುಡುಕುವ ಮಹನೀಯರು ಇಬ್ಬರನ್ನೂ ಒಂದೇ ಬೌಲಿಗೆ ಹಾಕಿ ಕಲಸಿಬಿಟ್ಟರು. ನಾನು ಕಾಲೇಜು ಬಿಟ್ಟ ಮೇಲೆ ಪೆಲಿಕನ್‌ಗಳು ಒಂದು ಬೌಲನ್ನೂ ಗೆದ್ದಿರಲಿಲ್ಲ. ಇತ್ತ ಮಾವನಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು.

"ಈ ಸಲ ನಾನು ಒಳಗೇ ಕೂತ್ಕೋತೀನಿ," ಎಂದೆ ಹೆಂಡತಿ ಮಾರ್ಲಿಸ್‌ಗೆ.

"ಕೂತ್ಕೊಳ್ಳಿ, ಯಾರು ಬೇಡ ಅಂದ್ರು? ಅಪ್ಪನಿಗೆ ಏನಾದ್ರೂ ಆದ್ರೆ ನೀವೇ ಡಾಕ್ಟರಿಗೆ ಹೇಳ್ಕೊಳ್ಳಿ."

"ನನ್ನ ಕಾಲೇಜು ಕಣೇ ಅದು."

"ಓದಿದ್ದು ನಾಲ್ಕು ವರ್ಷ. ನಮ್ಮಪ್ಪನ ಮನೆ ಊಟ ಎಷ್ಟು ವರ್ಷದಿಂದ ಮಾಡ್ತಿದೀರಿ?"



ಪಂದ್ಯದ ದಿನ ಮಾವ ಕಂಬಳಿ ಹೊದ್ದು ಕುರ್ಚಿಯಲ್ಲಿ ಬಿಳಿಚಿಕೊಂಡು ಕೂತಿದ್ದರು. ಕೊನೆಗೆ ಸಾರಂಗಗಳು ಎರಡು ಅಂಕ ಮುಂದೆ. ಚೆಂಡು ಪೆಲಿಕನ್‌ಗಳ ಕೈಯಲ್ಲಿ. ಉಳಿದದ್ದು ಒಂದು ಒದೆತದಷ್ಟು ಸಮಯ; ಒದ್ದ ಚೆಂಡು ಕಂಬಗಳ ನಡುವೆ ತೂರಿದರೆ ಮೂರು ಅಂಕ, ಪಂದ್ಯ ಪೆಲಿಕನ್‌ಗಳದು. ಮಾವ "ಹೊರಗೆ" ಎನ್ನಲಿಲ್ಲ. ನನ್ನ ಮುಖ ನೋಡಿದರು.

"ನಿನ್ನ ಹುಡುಗರು. ಇವತ್ತು ನಾನು ಹೇಳೋ ಹಾಗಿಲ್ಲ."

"ಹೇಳೋದೇನಪ್ಪಾ, ಎತ್ತಿ ಹೊರಗೆ ಹಾಕೋಣ," ಎಂದ ಭಾವಮೈದುನ ಡ್ವೇನ್.

"ಸುಮ್ನಿರೋ."

ಹಾಗೆನ್ನುತ್ತ ಮಾವ ಎದೆಯ ಮೇಲೆ ಕೈಯಿಟ್ಟರು. ನಾನು ಎದ್ದು ಕೋಟು ಹಾಕಿಕೊಂಡೆ.

ಹೊರಗೆ ನಿಂತ ಮೇಲೆ ಹೊಸ ತೊಡಕು. ಮನಸ್ಸಿಲ್ಲದ ಪ್ರಾರ್ಥನೆ ಮೇಲಕ್ಕೆ ತಲುಪುವುದಿಲ್ಲವೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಕಾಲು ಹಿಮದಲ್ಲಿ ಹೂತು ಮನಸ್ಸು ಪೆಲಿಕನ್ ಜೊತೆ ಹಾರುತ್ತಿದ್ದರೆ ನನ್ನ ನಿಲುವಿಗೆ ಬೆಲೆಯೇನು? ಹಾಗಾಗಿ ಕಾಲೇಜು, ಹಾಸ್ಟೆಲ್ಲು, ಹಳೆಯ ಗೆಳೆಯರು, ಎಲ್ಲರನ್ನೂ ಎದೆಯಿಂದ ಆಚೆ ತಳ್ಳಿ, ಸಾರಂಗಗಳೇ ಗೆಲ್ಲಲಿ ಎಂದು ಬೇಡಿಕೊಂಡೆ. ಮೊದಲು ಕಷ್ಟವಾಯಿತು. ಆಮೇಲೆ ಆಗಲಿಲ್ಲ. ನನ್ನನ್ನು ಇಷ್ಟು ವರ್ಷ ಬಾಗಿಲಾಚೆ ನಿಲ್ಲಿಸಿದ ಮುದುಕನನ್ನು ನಾನು ಯಾವಾಗಲೋ ಹಚ್ಚಿಕೊಂಡಿದ್ದೆನೆಂದು ಆ ಚಳಿಯಲ್ಲಿ ನನಗೇ ತಿಳಿಯಿತು.

ಒಳಗಿನಿಂದ ಸದ್ದೇ ಬರಲಿಲ್ಲ. ಗಾಬರಿಯಿಂದ ಒಳಗೆ ನುಗ್ಗಿದೆ.

ಪೆಲಿಕನ್‌ಗಳು ಗೆದ್ದಿದ್ದವು.

"ಇವರ ಕಾಲ್ಗುಣ ಮುಗೀತು ಬಿಡಪ್ಪಾ," ಎಂದ ಡ್ವೇನ್.

ನಾನು ಮಾವನ ಕುರ್ಚಿಯ ಬಳಿ ಓಡಿದೆ. "ಎದೆ ಹೇಗಿದೆ?"

"ಎದೆಗೇನಾಗಿದೆ? ಹೊಲಿಗೆ ಕೆರೀತಿತ್ತು, ಕೆರ್ಕೊಂಡೆ. ನೀನ್ಯಾಕೆ ಎದ್ದು ಹೋದೆ? ನಿಮ್ಮ ಹುಡುಗ ಒದ್ದಿದ್ದು ನೋಡ್ಬೇಕಿತ್ತು ಮಾರಾಯ. ಇಷ್ಟು ವಯಸ್ಸಾಯ್ತು, ಅಂಥ ಒದೆತ ನಾನು ನೋಡಿಲ್ಲ."

"ನಿಮಗೋಸ್ಕರ ಹೋದೆ" ಎನ್ನಲು ಬಾಯಿ ತೆರೆದೆ. ಗೆದ್ದವನು ಸೋತವರ ಮನೆಯಲ್ಲಿ ಹೇಳುವ ಮಾತಲ್ಲ ಅದು, ಮುಚ್ಚಿದೆ.

ಮಾವ ಕಾಲಿನಿಂದ ಪಕ್ಕದ ಸ್ಟೂಲನ್ನು ನನ್ನ ಕಡೆ ತಳ್ಳಿದರು. "ಇನ್ನು ನೀನು ಒಳಗಿದ್ರೂ ಒಂದೇ, ಹೊರಗಿದ್ರೂ ಒಂದೇ. ಕೂತ್ಕೋ."

ಕೂತೆ. ಟಿ.ವಿ.ಯಲ್ಲಿ ಟೈರಿನ ಜಾಹೀರಾತು ಬರುತ್ತಿತ್ತು. ಅದನ್ನೇ ಇಬ್ಬರೂ ಬಹಳ ಗಂಭೀರವಾಗಿ ನೋಡಿದೆವು.