ಹೊಟ್ಟೆಯ ಮೇಲೊಂದು ತೆಂಗಿನಕಾಯಿ

ಯಾರಿಂದಲೂ ಬೈಸಿಕೊಳ್ಳದೆ ನಾನು ಮಾಡಬಲ್ಲ ಕೆಲಸ ಈ ಭೂಮಿಯ ಮೇಲೆ ಒಂದಾದರೂ ಇದೆ, ಅದು ಉಸಿರಾಡುವುದು ಎಂದು ನಂಬಿಕೊಂಡಿದ್ದೆ. ಸ್ನಾನ ಮಾಡಿದರೆ ನೀರು ಖಾಲಿಯಾಯಿತು ಎನ್ನುತ್ತಾರೆ, ಉಂಡರೆ ಸದ್ದು ಜಾಸ್ತಿ ಎನ್ನುತ್ತಾರೆ, ಸುಮ್ಮನೆ ಕೂತರೆ ಯಾಕೆ ಕೂತಿದ್ದೀರಿ ಎನ್ನುತ್ತಾರೆ. ಉಸಿರಿನ ತಂಟೆಗೆ ಮಾತ್ರ ಯಾರೂ ಬಂದಿರಲಿಲ್ಲ. ಐವತ್ತು ದಾಟಿದ ಮೇಲೆ ತಿಪಟೂರಿನ ಡಾಕ್ಟರಮ್ಮನೊಬ್ಬರು ನನ್ನ ಎದೆ ಬೆನ್ನು ಎರಡನ್ನೂ ಪರೀಕ್ಷಿಸಿ, "ನಿಮಗೆ ಸರಿಯಾಗಿ ಉಸಿರಾಡೋಕೇ ಬರಲ್ಲವಲ್ರೀ" ಎಂದುಬಿಟ್ಟರು. ಇಷ್ಟು ವರ್ಷ ಬದುಕಿದ್ದು ಹೇಗೆ ಎಂದು ಕೇಳೋಣವೆನ್ನಿಸಿತು. ಆದರೆ ಬಾಯಿ ಮುಚ್ಚಿಕೊಂಡಿರಿ ಎಂಬುದೇ ಅವರ ಮೊದಲ ಸಲಹೆಯಾಗಿತ್ತು.

ಸುಮ್ಮಸುಮ್ಮನೆ ನಾನು ಅಲ್ಲಿಗೆ ಹೋದವನಲ್ಲ. ಯುಗಾದಿಗೆ ನನ್ನ ಹೆಂಡತಿ ಗಿರಿಜೆಯ ತವರು ದಂಡಿನಶಿವರಕ್ಕೆ ಹೋಗಿದ್ದೆವು. ಒಬ್ಬಟ್ಟು ತಿಂದು ಮಧ್ಯಾಹ್ನ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಉರುಳಿಕೊಂಡೆವು. ಸ್ವಲ್ಪ ಹೊತ್ತಿಗೆ ಭಾವಮೈದುನ ಪರಮೇಶ ದಡಬಡಿಸಿ ಎದ್ದು, "ಯಾರ್ಲಾ ಮೋಟ್ರು ಆನ್ ಮಾಡ್ದೋರು? ನೀರಿಲ್ದೆ ಓಡ್ತಾ ಐತೆ, ಸುಟ್ಟೋಯ್ತದೆ ಕಣ್ರೋ!" ಎಂದು ಕೂಗುತ್ತಾ ಬರಿಗಾಲಲ್ಲಿ ತೋಟಕ್ಕೆ ಓಡಿದನಂತೆ. ಹೋಗಿ ನೋಡಿದರೆ ಮೋಟಾರು ಆಫ್ ಆಗಿತ್ತು. ವಾಪಸು ಬಂದಾಗ ನಾನು ಆನ್ ಆಗಿದ್ದೆ. ಈಗ ಅದೇ ಪರಮೇಶ ಹಳೆಯ ಮನೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿಸಿದ್ದಾನೆ. ಗೃಹಪ್ರವೇಶಕ್ಕೆ ನೆಂಟರೆಲ್ಲ ಹಿಂದಿನ ದಿನವೇ ಹೋಗಿ ಉಳಿಯುವುದು ಪದ್ಧತಿ. ಗಿರಿಜೆ ಮಾತ್ರ, "ನೀವು ಬೆಳಿಗ್ಗೆ ಬಸ್ಸಿಗೆ ಬನ್ನಿ, ಊಟ ಮಾಡ್ಕೊಂಡು ಸಂಜೆ ಬಸ್ಸಿಗೆ ಹೊರಟುಬಿಡಿ. ಉಳಿಯೋದು ಬ್ಯಾಡ ಕಣ್ರೀ, ನಿಮ್ ಗೊರಕೆಯಿಂದ ನಂಗೆ ತಲೆ ಎತ್ತೋಕಾಗಲ್ಲ" ಎಂದಳು. ಆ ಮನೆಯ ಹಿರಿಯ ಅಳಿಯ ನಾನು! ಶಾಮಿಯಾನದವನು ಕೂಡ ಅಲ್ಲೇ ಉಳಿಯುತ್ತಾನೆ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಮೂಗಿನಲ್ಲೇ ಉಸಿರಾಡುವುದನ್ನು ಕಲಿತು, ಅಲ್ಲಿಯೇ ಮಲಗಿ, ಅಲ್ಲಿಯೇ ಏಳುತ್ತೇನೆಂದು ಹಠ ತೊಟ್ಟು ಡಾಕ್ಟರಮ್ಮನ ಹತ್ತಿರ ಹೋದೆ.

ಡಾಕ್ಟರಮ್ಮ ಹೇಳಿದ್ದು ಬಹಳ ಸುಲಭ. ಉಸಿರು ಎದೆಯಲ್ಲೇ ನಿಲ್ಲಬಾರದು, ಹೊಟ್ಟೆಯವರೆಗೆ ಇಳಿಯಬೇಕು. ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು. ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ಪುಸ್ತಕ ಇಟ್ಟುಕೊಂಡು, ಅದು ಏರಿ ಇಳಿಯುವುದನ್ನು ನೋಡಬೇಕು. ನಮ್ಮೂರು ಹಾಲ್ಕುರಿಕೆಯ ಮನೆಯಲ್ಲಿರುವ ಒಂದೇ ಪುಸ್ತಕ ಪಂಚಾಂಗ. ಫ್ಯಾನು ಹಾಕಿದರೆ ಅದು ನನಗಿಂತ ಮೊದಲು ಉಸಿರಾಡತೊಡಗುತ್ತದೆ. ತೆಂಗಿನ ಸೀಮೆಯವನಿಗೆ ತೂಕದ ವಸ್ತು ಬೇಕೆಂದರೆ ಇನ್ನೇನು ಹೊಳೆಯುತ್ತದೆ? ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಒಣಗಲು ಬಿಟ್ಟಿದ್ದ ರಾಶಿಯಿಂದ ಗಿರಿಜೆಗೆ ಕಾಣದಂತೆ, ಸಿಪ್ಪೆ ಸಮೇತ ಒಂದು ಕಾಯಿ ಇಳಿಸಿಕೊಂಡೆ.

ಪಕ್ಕದ ಮನೆಯ ಗಂಗಜ್ಜಿ ಮಜ್ಜಿಗೆಗೆಂದು ಬಂದವಳು, ನಾನು ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕಾಯಿ ಇಟ್ಟುಕೊಂಡು ನೆಲದ ಮೇಲೆ ಬಿದ್ದಿದ್ದನ್ನು ಕಂಡು ಹೊಸ್ತಿಲಲ್ಲೇ ನಿಂತಳು. "ಗಿರ್ಜವ್ವಾ, ಯಾರ ಕಣ್ಣು ತಾಗ್ತವ್ವಾ ನಿನ್ ಗಂಡಂಗೆ? ಇಳಿ ತೆಗೆದ ಕಾಯಿ ಹಂಗೆ ಮಡಗಬ್ಯಾಡ, ಮೂರ್ ದಾರಿ ಕೂಡೋ ತಾವ ಒಡೆದು ಬಾ" ಎಂದಳು. "ಕಣ್ಣಿಂದಲ್ಲ ಕಣಜ್ಜಿ, ಇವರದು ಮೂಗಿಂದು" ಎಂದಳು ಗಿರಿಜೆ. ಕಾಯಿ ಕದ್ದಿದ್ದು ಆಗಲೇ ಅವಳಿಗೆ ಗೊತ್ತಾದದ್ದು.

ಆದರೂ ಬಿಡಲಿಲ್ಲ. ತಿಪಟೂರಿನ ನನ್ನ ಬಟ್ಟೆ ಅಂಗಡಿಯಲ್ಲೂ ಗಲ್ಲಾಪೆಟ್ಟಿಗೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಅಭ್ಯಾಸ ನಡೆಸಿದೆ. ಒಬ್ಬ ಗಿರಾಕಿ ಪಂಚೆಯ ರೇಟು ಕಡಿಮೆ ಮಾಡಿ ಎಂದು ಕೇಳುವ ಹೊತ್ತಿಗೆ ನಾನು ಉಸಿರು ಹೊರಗೆ ಬಿಡುವ ಹಂತದಲ್ಲಿದ್ದೆ. ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ. ಆತ ಕಂಗಾಲಾಗಿ, "ಬುಡಿ ಸಾವ್ಕಾರ್ರೇ, ಹಂಗೆಲ್ಲ ನಿಟ್ಟುಸಿರು ಬುಡಬ್ಯಾಡಿ, ನೀವ್ ಹೇಳಿದ್ದೇ ಕೊಡ್ತೀನಿ" ಎಂದ. ಪ್ರಾಣಾಯಾಮದಿಂದ ಸಕಲ ಲಾಭವೆಂದು ಮೊಬೈಲಿಗೆ ದಿನಾ ಬೆಳಿಗ್ಗೆ ಬರುವ ಸಂದೇಶಗಳಲ್ಲಿ ಇದೊಂದನ್ನು ಯಾರೂ ಬರೆದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಪರಮೇಶ ಆಹ್ವಾನಪತ್ರಿಕೆ ಹಿಡಿದು ಬಂದ. ಅವನ ಮುಂದೆಯೇ ಪರೀಕ್ಷೆಯಾಗಿಬಿಡಲಿ ಎಂದು ನಾನೇ ಸವಾಲು ಹಾಕಿದೆ. ಅಕ್ಕ ತಮ್ಮ ಇಬ್ಬರೂ ಕೂತು ಕಿವಿಗೊಟ್ಟು ಕೇಳಬೇಕು. ಗೊರಕೆ ಬಾರದಿದ್ದರೆ ನಾನು ಗೃಹಪ್ರವೇಶಕ್ಕೆ ಹಿಂದಿನ ದಿನವೇ ಹೊರಡಬೇಕು. ಬಾಯಿ ಮುಚ್ಚಿ, ಹೊಟ್ಟೆಯ ಮೇಲೆ ಕಾಯಿ ಇಟ್ಟುಕೊಂಡು ಮಲಗಿದೆ. ಉಸಿರು ಎಳೆದದ್ದು ನೆನಪಿದೆ, ಬಿಟ್ಟದ್ದು ನೆನಪಿಲ್ಲ.

ಎಚ್ಚರವಾದಾಗ ಹೊಟ್ಟೆಯ ಮೇಲೆ ಕಾಯಿ ಇರಲಿಲ್ಲ, ಪಕ್ಕದಲ್ಲಿ ಅಕ್ಕ ತಮ್ಮಂದಿರೂ ಇರಲಿಲ್ಲ. ಅಟ್ಟದ ಸಂದಿಯಿಂದ ಮುಖದ ಮೇಲೆ ಧೂಳು ಉದುರುತ್ತಿತ್ತು. ಮೇಲಿಂದ ಪರಮೇಶನ ದನಿ: "ಇದ್ರಲ್ಲಿನ್ನೂ ನೀರು ಗುಳುಗುಳು ಅಂತೈತೆ ಕಣಕ್ಕ. ಇದ್ರಲ್ಲೂ ಅಷ್ಟೇಯ. ಭಾವನ ಹೊಟ್ಟೆ ಮೇಲಿದ್ದುದೊಂದೇ ಲೊಟಲೊಟ ಅಂತಿರೋದು!" ಆಗಿದ್ದಿಷ್ಟು. ನಾನು ನಿದ್ದೆ ಹೋಗುತ್ತಲೇ ಹೊಟ್ಟೆ ಕುಲುಕಿ, ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಆಡಿ ಸದ್ದು ಮಾಡಿದೆ. ಕಾಯಿ ಒಣಗಿ ಕೊಬ್ಬರಿಯಾಯಿತೆಂದು ಸಾರುವ ಆ ಸದ್ದು ನಮ್ಮ ಸೀಮೆಯವರ ಕಿವಿಗೆ ಬಿದ್ದ ಮೇಲೆ ಬೇರೇನೂ ಬೀಳುವುದಿಲ್ಲ. ಇಬ್ಬರೂ ಗಂಡನನ್ನೂ ಭಾವನನ್ನೂ ಅಲ್ಲೇ ಬಿಟ್ಟು, ರಾಶಿಯೆಲ್ಲ ಆಗಿದೆಯೇನೋ ಎಂದು ಅಟ್ಟ ಹತ್ತಿದ್ದಾರೆ.

"ಅದಿರಲಿ, ನಾನು ಗೊರಕೆ ಹೊಡೆದೆನೋ ಇಲ್ಲವೋ?" ಎಂದು ಕೆಳಗಿನಿಂದ ಕೂಗಿದೆ.

"ಯಾರಿಗ್ಗೊತ್ತು? ನಾವು ಕಾಯಿ ನೋಡ್ತಿದ್ವಿ" ಎಂದಳು ಗಿರಿಜೆ.

ಪರಮೇಶ ಏಣಿ ಇಳಿದು ಬಂದು, ನನ್ನ ಹೊಟ್ಟೆಯನ್ನು ಹಿಂದೆಂದೂ ತೋರಿಸದ ಗೌರವದಿಂದ ನೋಡಿದ. "ನಿಮ್ ಹೊಟ್ಟೆ ಕಾವು ಒಳ್ಳೇದೈತೆ ಭಾವ, ಕಾಯಿ ಬೇಗ ಕೊಬ್ಬರಿ ಆಯ್ತದೆ. ನೀವು ಹಿಂದಿನ ದಿನವಲ್ಲ, ಎರಡು ದಿನ ಮುಂಚೆನೇ ಬಂದ್ಬುಡಿ" ಎಂದ.

ಹೋದೆ. ಹಿರಿಯ ಅಳಿಯನಿಗೆ ಹಾಸಿಗೆ ಹಾಕಿದ್ದು ಹಳೆಯ ಮನೆಯ ಅಟ್ಟದ ಮೇಲೆ, ಕಾಯಿ ರಾಶಿಯ ಪಕ್ಕದಲ್ಲಿ. ಏಣಿ ಹತ್ತುವಾಗ ಮೊದಲಿನಂತೆ ಏದುಸಿರು ಬರಲಿಲ್ಲ, ಬಾಯಿಯೂ ತೆರೆಯಲಿಲ್ಲ. ಡಾಕ್ಟರಮ್ಮ ನೋಡಿದ್ದರೆ ಸಂತೋಷಪಡುತ್ತಿದ್ದರು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಎಷ್ಟು ಚೆನ್ನಾಗಿ ನಿದ್ದೆ ಬಂತೆಂದರೆ, ಬೆಳಿಗ್ಗೆ ಪರಮೇಶ ಮೇಲೆ ಬಂದದ್ದೇ ತಿಳಿಯಲಿಲ್ಲ. ಅವನು ಮೊದಲು ನನ್ನ ಹೊಟ್ಟೆಯ ಮೇಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ. ಆಮೇಲೆ ನನ್ನನ್ನು ಅಲ್ಲಾಡಿಸಿದ.