ಗಾಜಿನ ಪೆಟ್ಟಿಗೆಗೆ ಹೋದ ಮುದ್ದೆ ಕೋಲು

ವಯಸ್ಸಾದ ಮೇಲೆ ಬರುವ ಮಂಡಿನೋವು, ಸಕ್ಕರೆ, ಕಣ್ಣಿನ ಪೊರೆ ಇವಕ್ಕೆಲ್ಲ ಔಷಧಿ ಉಂಟು. ಔಷಧಿಯಿಲ್ಲದ ಕಾಯಿಲೆ ಒಂದೇ: ನಮ್ಮ ತಾತ ಬಹಳ ದೊಡ್ಡ ಮನುಷ್ಯ ಎಂದು ಹೇಳಿಕೊಂಡು ತಿರುಗುವುದು. ಅದು ನನಗೆ ಅರವತ್ತರ ನಂತರ ಅಂಟಿತು. ನಿಜ ಹೇಳಬೇಕೆಂದರೆ, ಜಗುಲಿಯ ಮೇಲೆ ಕೂತು ಎಲೆಅಡಿಕೆ ಜಗಿಯುತ್ತ ಹೋಗಿಬರುವವರನ್ನು ಬೈಯುವುದು ಬಿಟ್ಟು ನನ್ನ ತಾತ ಇನ್ನೇನಾದರೂ ಮಾಡಿದ್ದು ನನಗೆ ನೆನಪಿಲ್ಲ. ಆದರೂ ರಾಮನಗರದ ಟೀ ಅಂಗಡಿಯಲ್ಲಿ, ನನ್ನ ಬಾಯಲ್ಲಿ, ಆತ ಮೊದಲು ರೇಷ್ಮೆ ಬೆಳೆಗಾರನಾದ. ಆಮೇಲೆ ನೂಲು ತೆಗೆಯುವ ಕಸುಬಿನಲ್ಲಿ ಎತ್ತಿದ ಕೈಯಾದ. ಹೋದ ವರ್ಷದ ಹೊತ್ತಿಗೆ ಅರಮನೆಗೇ ನೂಲು ಕಳಿಸತೊಡಗಿದ್ದ. ಗೂಡಿನ ಮಾರುಕಟ್ಟೆಯಲ್ಲಿ ಜೀವಮಾನವಿಡೀ ಸರಿಯಾದ ತೂಕ ಬರೆದು ನಿವೃತ್ತನಾದ ನಾನು, ತಾತನ ತೂಕವನ್ನು ಮಾತ್ರ ಹೀಗೆ ಮನಸ್ಸಿಗೆ ಬಂದಂತೆ ಏರಿಸುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ನಮ್ಮೂರ ಪುಟ್ಟ ಮ್ಯೂಸಿಯಂ ನೋಡಿಕೊಳ್ಳುವ ಕಾವ್ಯ ಎಂಬ ಹೆಣ್ಣುಮಗಳು ಒಂದು ಹೊಸ ಪ್ರದರ್ಶನ ಹೂಡಿದಳು. ಅದರಲ್ಲಿ ಮ್ಯೂಸಿಯಂನವರ ವಸ್ತು ಒಂದೂ ಇರುವುದಿಲ್ಲ. ಊರವರೇ ತಮ್ಮ ಮನೆಯ ಹಳೆಯ ವಸ್ತು ತರಬೇಕು, ಅದರ ಕಥೆಯನ್ನೂ ತಾವೇ ಬರೆದುಕೊಡಬೇಕು. ಅದಕ್ಕೊಂದು ಫಾರಂ. ವಸ್ತುವಿನ ಹೆಸರು, ಸ್ಥಿತಿ, ಕಥೆ, ಕೊನೆಯಲ್ಲಿ 'ಪ್ರದರ್ಶನ ಮುಗಿದ ಮೇಲೆ ವಾಪಸ್ ಬೇಕೇ?' ಎಂಬ ಪ್ರಶ್ನೆ. ಜನ ಮುಗಿಬಿದ್ದರು. ಚನ್ನಪಟ್ಟಣದ ಗೊಂಬೆ ಕೆಲಸದವರು ಬಣ್ಣದ ಅರಗಿನ ಕಡ್ಡಿಗಳನ್ನು ಕೊಟ್ಟರು. ಬಿಡದಿಯ ಹೋಟೆಲಿನವರೊಬ್ಬರು ತಟ್ಟೆ ಇಡ್ಲಿಯ ಹಳೇ ತಟ್ಟೆಗಳನ್ನು ಕೊಟ್ಟರು. ಎಷ್ಟು ಉಜ್ಜಿದರೂ ಇಡ್ಲಿಯ ವಾಸನೆ ಹೋಗದೆ, ಆ ಮೂಲೆಗೆ ಬಂದವರಿಗೆಲ್ಲ ಹಸಿವಾಗುತ್ತಿತ್ತಂತೆ.

ಟೀ ಅಂಗಡಿಯಲ್ಲಿ ನನ್ನ ಗೆಳೆಯ ಪುಟ್ಟಸ್ವಾಮಿ ಸುಮ್ಮನಿರುತ್ತಾನೆಯೇ? "ಏನ್ಲಾ ಚಿಕ್ಕಣ್ಣ, ಅರಮನೆ ನೂಲಿನೋನ ಮೊಮ್ಮಗ! ಊರೋರೆಲ್ಲ ಕೊಟ್ರು, ನಿಮ್ಮನೇಲಿ ಒಂದ್ ಕಡ್ಡಿನೂ ಇಲ್ವೇನ್ಲಾ?"

ಇರಲಿಲ್ಲ. ಇದ್ದ ಹಿತ್ತಾಳೆ ಪಾತ್ರೆಗಳನ್ನು ಬೀದಿಯಲ್ಲಿ ಬಂದವನಿಗೆ ಕೊಟ್ಟು ಪ್ಲಾಸ್ಟಿಕ್ ಬಕೆಟ್ ಕೊಂಡಿದ್ದವನು ನಾನೇ. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದು ಅಟ್ಟದ ಮೇಲಿತ್ತು. ಅದನ್ನೂ ನಾನೇ ಮುರಿದು ನೀರೊಲೆಗೆ ಹಾಕಿ ಸ್ನಾನ ಮಾಡಿದ್ದೆ. ಪುಟ್ಟಸ್ವಾಮಿಯ ಮಾತು ನುಂಗಿಕೊಂಡು ಮನೆಗೆ ಬರುತ್ತಿರುವಾಗ ಪಕ್ಕದ ಮನೆಯ ನಸೀಮಾ ಕಾಂಪೌಂಡಿನ ಮೇಲಿಂದ ಕೈ ಚಾಚಿದಳು. "ಅಣ್ಣ, ಜಯಕ್ಕನ ಮುದ್ದೆ ಕೋಲು. ನೆಂಟ್ರು ಬಂದಿದ್ರಲ್ಲ, ಇಸ್ಕೊಂಡಿದ್ದೆ. ಕೊಟ್ಬುಡಿ."

ಜಯಮ್ಮ, ಅಂದರೆ ನನ್ನ ಹೆಂಡತಿ, ರಾಗಿ ಮುದ್ದೆ ತಿರುವಲೆಂದು ಮದುವೆಯಾದಾಗ ಕನಕಪುರದ ತವರಿನಿಂದ ತಂದ ಕೋಲು ಅದು. ಹಿಡಿ ನುಣ್ಣಗೆ ಸವೆದು, ತುದಿ ಸುಟ್ಟು ಕಪ್ಪಾಗಿ, ನೋಡಲು ಎಷ್ಟು ಪುರಾತನವಾಗಿತ್ತೆಂದರೆ, ನನ್ನ ಕಾಲುಗಳು ಮನೆಯನ್ನು ದಾಟಿ ನೇರ ಮ್ಯೂಸಿಯಂಗೇ ಹೋದವು. ಫಾರಂ ತುಂಬಿದೆ: 'ಅರಮನೆಗೆ ನೂಲು ಕಳಿಸುತ್ತಿದ್ದ ಮನೆತನದ, ಬಿಸಿನೀರಿನಲ್ಲಿ ರೇಷ್ಮೆ ಗೂಡು ತಿರುವುವ ಕೋಲು.' ವಾಪಸ್ ಬೇಕೇ? 'ಬೇಡ. ಶಾಶ್ವತ ಕೊಡುಗೆ.' ಕೆಳಗೆ ಸಹಿಯನ್ನೂ ಹಾಕಿ ಕೊಟ್ಟೆ.

ಆ ಸಂಜೆಯೇ ನನ್ನ ಪಾಪ ಹಣ್ಣಾಯಿತು. ಜಯಮ್ಮ ಕೋಲು ಕೇಳಿದಳು. ನಸೀಮಾ, "ಅಣ್ಣನ ಕೈಗೇ ಕೊಟ್ನಲ್ಲ" ಎಂದಳು. ಜಯಮ್ಮ ನನ್ನತ್ತ ತಿರುಗಿ, "ಕೊಟ್ಟಳಾ?" ಎಂದಳು. ನಾನು ಅಂದೆ: "ನೆನಪಿಲ್ಲಪ್ಪ."

ಓದುಗರೇ, ನಾನು ತಪ್ಪೊಪ್ಪಿಕೊಳ್ಳಬೇಕಾದ್ದು ಈ ಒಂದು ಪದವನ್ನು. ಕೋಲು ಕದ್ದದ್ದು ಜಂಬ. ಇದು ಮಾತ್ರ ನೀಚತನ. ಮೂವತ್ತು ವರ್ಷ ಒಬ್ಬರ ಸಾರಿನ ರುಚಿ ಒಬ್ಬರು ನೋಡಿಕೊಂಡು ಬಂದ ಇಬ್ಬರು ಹೆಂಗಸರು ಅಂದು ಮಾತು ಬಿಟ್ಟರು. "ಕಳೆದೋಯ್ತು ಅಂದಿದ್ರೆ ಆಗ್ತಿತ್ತು, ಸುಳ್ಳ್ಯಾಕೆ?" ಎಂದು ಇವಳು, "ನನ್ನ ಸುಳ್ಳಿ ಅಂದ್ಬುಟ್ಲು" ಎಂದು ಅವಳು. ಕರಿಬೇವಿನ ಗಿಡ ನಸೀಮಾಳ ಹಿತ್ತಲಲ್ಲಿತ್ತು. ನಮ್ಮ ಮನೆಗೆ ಕರಿಬೇವು ನಿಂತಿತು. ಜಯಮ್ಮ ಸೌಟಿನಲ್ಲಿ ತಿರುವಿದ ಮುದ್ದೆಯಲ್ಲಿ ಗೋಲಿಯಂಥ ಗಂಟುಗಳು. ಒಂದೊಂದು ಗಂಟು ನುಂಗುವಾಗಲೂ ನಿಜ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಗಂಟು ಒಳಗೆ ಹೋಗುತ್ತಿತ್ತು, ಅದರ ಜೊತೆ ನಿಜವೂ ಹೋಗುತ್ತಿತ್ತು.

ಒಂದು ವಾರಕ್ಕೆ ಪ್ರದರ್ಶನ ಶುರುವಾಯಿತು. ಊರೆಲ್ಲ ಬಂದಿತ್ತು. ಇಬ್ಬರು ಹೆಂಗಸರೂ ಬೇರೆಬೇರೆ ಬಾಗಿಲಿನಿಂದ ಬಂದು, ಗ್ರಹಚಾರಕ್ಕೆ ಕೋಲಿದ್ದ ಗಾಜಿನ ಪೆಟ್ಟಿಗೆಯ ಆಚೆ ಈಚೆ ನಿಂತರು. ನಸೀಮಾಳ ಮನೆಯವರದು ನೂಲು ತೆಗೆಯುವುದೇ ಕಸುಬು. ನಾನು ಬರೆದ ಚೀಟಿ ಓದಿ ಅವಳು ಜೋರಾಗಿಯೇ ನಕ್ಕಳು. "ಇಷ್ಟು ದಪ್ಪ ಕೋಲಲ್ಲಿ ಗೂಡು ತಿರುವಿದ್ರೆ ಎಳೆ ಎಲ್ಲುಳೀತದೆ? ಗೊಜ್ಜಾಯ್ತದೆ!"

"ಗೂಡಲ್ಲ ಕಣೇ ನಸೀಮಾ," ಎಂದಳು ಜಯಮ್ಮ, ಗಾಜಿಗೆ ಮೂಗು ಒತ್ತಿ. ವಾರದ ಮೇಲೆ ಅದೇ ಮೊದಲ ಮಾತು. "ಬಿರುಕಲ್ಲಿ ನೋಡು, ಇನ್ನೂ ರಾಗಿ ಮೆತ್ಕಂಡೈತೆ."

"ಅಣ್ಣನ ಕೈಗೇ ಕೊಟ್ಟೆ ಅಂದೆ ತಾನೆ ಜಯಕ್ಕ?"

"ತಪ್ಪಾಯ್ತು ಕಣವ್ವ" ಎಂದು ಜಯಮ್ಮ ಅವಳ ಕೈ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಮೇಲಿನ ಫ್ಯಾನಿಗೆ ಎಷ್ಟು ರೆಕ್ಕೆಗಳಿವೆ ಎಂದು ನೋಡುತ್ತಿದ್ದೆ. ಮೂರು.

ಜಯಮ್ಮ ಪೆಟ್ಟಿಗೆಯ ಬಾಗಿಲಿಗೆ ಕೈ ಹಾಕಿದ್ದೇ ಕಾವ್ಯ ಓಡಿಬಂದಳು. "ಅಮ್ಮಾ, ಇವರು ಶಾಶ್ವತ ಕೊಡುಗೆ ಅಂತ ಸೈನ್ ಮಾಡಿದ್ದಾರೆ."

"ಕೋಲು ನಂದು, ಸೈನು ಅವರ್ದು" ಎಂದಳು ಜಯಮ್ಮ. "ಸೈನು ನೀವೇ ಮಡಿಕಳಿ, ಕೋಲು ಕೊಡಿ."

ಕಾವ್ಯ ಹೋಗಿ ಬೀಗದ ಕೈ ತಂದಳು. ಕೋಲು ಹೊರಬಂತು, ಪೆಟ್ಟಿಗೆ ಖಾಲಿಯಾಯಿತು. ಜನ ಬಂದರೆ ಖಾಲಿ ಪೆಟ್ಟಿಗೆ ತೋರಿಸುವುದು ಹೇಗೆ ಎಂದು ಕಾವ್ಯ ಪೇಚಾಡಿದಾಗ, ನಸೀಮಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣನ್ನೇ ಕೂರಿಸಿ. ಕತೆ ಚೆನ್ನಾಗಿ ಹೇಳ್ತಾರೆ. ಈ ಸಲ ನಿಜದ್ದೇ ಹೇಳ್ಲಿ" ಎಂದಳು. ಪುಟ್ಟಸ್ವಾಮಿ ತಾನಾಗಿಯೇ ಓಡಿ ಹೋಗಿ ಸ್ಟೂಲು ತಂದ.

ಹಾಗಾಗಿ ಪ್ರದರ್ಶನ ಮುಗಿಯುವವರೆಗೆ ಪ್ರತಿ ಭಾನುವಾರ ಆ ಪೆಟ್ಟಿಗೆಯ ಪಕ್ಕದಲ್ಲಿ ಕೂತು, ಈಗ ನಿಮಗೆ ಹೇಳಿದ್ದನ್ನೇ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಮಧ್ಯಾಹ್ನ ಡಬ್ಬಿಯಲ್ಲಿ ಮುದ್ದೆ ಬರುತ್ತದೆ. ಒಂದು ಗಂಟೂ ಇರುವುದಿಲ್ಲ, ಸಾರಿನಲ್ಲಿ ಕರಿಬೇವೂ ಇರುತ್ತದೆ. ಆದರೆ ಅಷ್ಟಕ್ಕೇ ಧೈರ್ಯ ಬರುವಂತಿಲ್ಲ. ಏಕೆಂದರೆ ಅಂದೇ ನನಗೂ ಒಂದು ಫಾರಂ ತುಂಬಿಸಿದರು. ಜಯಮ್ಮ ಹೇಳಿದಂತೆ ಕಾವ್ಯ ಬರೆದುಕೊಂಡಳು. ವಸ್ತು: ಗಂಡ. ಸ್ಥಿತಿ: ಹಳೇದು, ಒಸಿ ಹುಳ ಹಿಡಿದೈತೆ. 'ವಾಪಸ್ ಬೇಕೇ?' ಎಂಬಲ್ಲಿಗೆ ಬಂದಾಗ ಇಬ್ಬರು ಹೆಂಗಸರೂ ಮೂಲೆಗೆ ಹೋಗಿ ಬಹಳ ಹೊತ್ತು ಪಿಸುಗುಟ್ಟಿದರು.

"ಆ ಜಾಗ ಖಾಲಿ ಬುಡವ್ವ," ಎಂದಳು ಜಯಮ್ಮ ಬಂದು. "ಯೋಚ್ನೆ ಮಾಡಿ ಹೇಳ್ತೀವಿ."

ನಾಲ್ಕು ಭಾನುವಾರ ಕಳೆದವು. ಬಂದ ಕೂಡಲೇ ಮೊದಲು ಆ ಕಾಗದವನ್ನೇ ನೋಡುತ್ತೇನೆ. ಇನ್ನೂ ಖಾಲಿಯೇ ಇದೆ.