ಹೆಸರಿಲ್ಲದ ಕೂಸೂ ತಳವಿಲ್ಲದ ಬಕೆಟ್ಟೂ

"ಗಂಗೂ! ಇನ್ಮೇಲೆ ಈ ಮನೇಲಿ ಯಾವ್ದೂ ಒಡೆಯಲ್ಲ, ಯಾವ್ದೂ ಕಳೆಯಲ್ಲ! ಬಾ ಇಲ್ಲಿ!"

ಮರುಳಪ್ಪ ನಡುಮನೆಯಿಂದ ಹೀಗೆ ಕೂಗಿದಾಗ ಗಂಗಾಂಬಿಕೆಯ ಎದೆ ಧಸಕ್ಕೆಂದಿತು. ಈ ಮನುಷ್ಯ ಕೂಗಿದಾಗಲೆಲ್ಲ ಏನಾದರೊಂದು ಒಡೆದೇ ಒಡೆದಿತ್ತು. ಹೋದ ಸಲ ತಾನೇ ಕಾಯಿ ತುರಿಯುವ ಯಂತ್ರ ಮಾಡಿದ್ದರು. ಅದು ಕಾಯಿ ಮುಗಿಸಿ ಮೇಜಿನ ಕಾಲನ್ನೂ ತುರಿದುಹಾಕಿತ್ತು! ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಪುಣ್ಯಾತ್ಮರ ಕೈ ಸುಮ್ಮನಿದ್ದದ್ದೇ ಇಲ್ಲ.

ಈ ಸಲದ್ದು ಒಂದು ಬೂದು ಡಬ್ಬಿ. ಅದಕ್ಕೊಂದು ಕಪ್ಪು ಪರದೆ, ಹಳೇ ಕೀಬೋರ್ಡು, ಟೆಲಿಫೋನಿನಿಂದ ಕಿತ್ತ ಸ್ಪೀಕರು.

"ನೋಡು, 'ಉಳಿಸು' ಅಂತ ಟೈಪ್ ಮಾಡಿದ್ರೆ ಇಡೀ ಮನೆ ಹೇಗಿದ್ಯೋ ಹಾಗೇ ಅಚ್ಚಾಗಿ ಬಕೆಟ್‌ಗೆ ಹೋಗುತ್ತೆ. 'ತಾ' ಅಂದ್ರೆ ವಾಪಸ್ ಬರುತ್ತೆ!"

"ಯಾವ ಬಕೆಟ್ರೀ? ಸ್ನಾನದ್ದೋ, ಪಾತ್ರೆ ತೊಳೆಯೋದೋ?"

"ಅಯ್ಯೋ, ಅದಲ್ಲ ಕಣೇ! ಬಾಡಿಗೆ ಬಕೆಟ್ಟು. ತಂತಿಯ ಆ ಕಡೆ ಎಲ್ಲೋ ಇದೆ. ಎಲ್ಲಿ ಅಂತ ಬಾಡಿಗೆಗೆ ಕೊಟ್ಟವರಿಗೂ ಗೊತ್ತಿಲ್ಲ. ಅದಕ್ಕೆ ತಳವೇ ಇಲ್ಲ!"

"ತಳ ಇಲ್ಲದ ಬಕೆಟ್ಟಿಗೆ ಬಾಡಿಗೆ ಬೇರೆ ಕೊಡ್ತೀರಾ?"

ಮರುಳಪ್ಪ 'ಮನೆ ಉಳಿಸು' ಎಂದು ಒತ್ತಿ, ಉಪ್ಪಿನಕಾಯಿ ಜಾಡಿಯನ್ನು ಎತ್ತಿ ನೆಲಕ್ಕೆ ಬಿಟ್ಟೇಬಿಟ್ಟರು! ಗಂಗಾಂಬಿಕೆ ಬಾಯಿ ತೆರೆಯುವ ಮೊದಲೇ 'ಮನೆ ತಾ' ಎಂದು ಒತ್ತಿದರು. ದೀಪ ಒಮ್ಮೆ ಮಂಕಾಯಿತು. ಜಾಡಿ ಇದ್ದಲ್ಲೇ ಇತ್ತು, ಒಂದು ಸೀಳೂ ಇರಲಿಲ್ಲ. ಮನೆಯಲ್ಲಿ ಮಾತ್ರ ಯಾರೋ ಈಗತಾನೇ ಎದ್ದು ಹೋದಂಥ ತಣ್ಣನೆಯ ಗಾಳಿ ಸುಳಿಯಿತು.

"ಇನ್ನೊಂದು ವಿಶೇಷ ಇದೆ. ಗೋಡೆ ಕೆರೆದ್ರೆ ಹಳೇ ಸುಣ್ಣ ಕಾಣಲ್ವಾ? ಹಂಗೆ ಈ ಮನೇಲಿ ಹಿಂದೆ ಇದ್ದದ್ದೆಲ್ಲ ಪದರ ಪದರವಾಗಿ ಅಂಟಿಕೊಂಡಿರುತ್ತೆ. ಅದೂ ಹೋಗಿದೆ ಬಕೆಟ್‌ಗೆ!"

ಈ ಮನೆಯಲ್ಲಿ ಹಿಂದೆ ಏನೇನು ಇತ್ತು, ಏನು ಹೋಯಿತು ಎಂಬುದು ಗಂಗಾಂಬಿಕೆಗೆ ಗೊತ್ತಿತ್ತು. "ಅದನ್ನೆಲ್ಲ ಯಾಕ್ರೀ ಕೆದಕ್ತೀರಿ?" ಎಂದು ಗೊಣಗಿ ಒಳಗೆ ಹೋದರು.

ಮಾರನೇ ದಿನ ಮಗಳು ಶೈಲಜಾ ಆಸ್ಪತ್ರೆಯಿಂದ ಗಂಡುಮಗುವಿನೊಂದಿಗೆ ಬಂದಳು. ಮನೆಯ ತುಂಬ ಸಾಂಬ್ರಾಣಿ ಹೊಗೆ, ಲಾಲಿ, ಜಗಳ! ಜಗಳವೆಲ್ಲ ಹೆಸರಿನದು. ಹೆಸರಿಡುವ ಹಕ್ಕು ಸೋದರತ್ತೆಯದು. ಅರಸೀಕೆರೆಯ ಆ ಸೋದರತ್ತೆ, ಅಳಿಯನ ಅಕ್ಕ ಪ್ರಮೀಳಾ, ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದಳು: "ತೊಟ್ಟಿಲಿಗೆ ಹಾಕೋವರೆಗೂ ಯಾರೂ ಯಾವ ಹೆಸರಿಂದ್ಲೂ ಕರೀಬಾರ್ದು. ನಾನು ಬಂದು ಕಿವೀಲಿ ಹೇಳ್ತೀನಿ. ರಿಯಾಂಶ್!"

"ಹಂಗಂದ್ರೆ ಏನಮ್ಮಾ ಅರ್ಥ?" ಎಂದರು ಗಂಗಾಂಬಿಕೆ.

"ಮೊಬೈಲ್‌ನಲ್ಲಿದೆ, ನೋಡ್ಕೊಳ್ಳಿ."

ಹಾಗಾಗಿ ಮಗು ಚಿನ್ನವಾಯಿತು, ಪುಟ್ಟನಾಯಿತು, ಕೂಸಾಯಿತು. ಹೆಸರು ಮಾತ್ರ ಇಲ್ಲ.

ತೊಟ್ಟಿಲ ಶಾಸ್ತ್ರದ ಹಿಂದಿನ ಮಧ್ಯಾಹ್ನ ಗಂಗಾಂಬಿಕೆ ಹೋಳಿಗೆಗೆ ಹೂರಣ ರುಬ್ಬಿಟ್ಟು ಹಿತ್ತಿಲಿಗೆ ಹೋದದ್ದೇ ತಡ, ಬೆಕ್ಕು ಸುಬ್ಬಿ ಪಾತ್ರೆಗೆ ಬಾಯಿ ಹಾಕಿತು. ಬರುವವರು ಬೀಗರು! ಕಡಲೆಬೇಳೆ ಮತ್ತೆ ಬೇಯಿಸಲು ಹೊತ್ತೆಲ್ಲಿ? ಯಂತ್ರವನ್ನು ಅಲ್ಲಿಯತನಕ ಬೈಯುತ್ತಿದ್ದ ಗಂಗಾಂಬಿಕೆಯೇ ಗಂಡನ ಮುಂದೆ ನಿಂತರು.

"ರೀ, ರುಬ್ಬಿದ ತಕ್ಷಣ ಉಳಿಸಿದ್ರಲ್ಲ, ಹೂರಣ ವಾಪಸ್ ತರಿಸಿ."

ಮರುಳಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು! "ಈಗ ಇನ್ನೂ ಸುಧಾರಿಸಿದ್ದೀನಿ ಕಣೇ. ಮನೆ ವಾಪಸ್ ಬರೋವಾಗ ಇಲಿ, ಜಿರಲೆ, ಸೊಳ್ಳೆ ಬರಬಾರ್ದಲ್ವಾ? ಅದಕ್ಕೇ ಹೇಳಿಬಿಟ್ಟಿದ್ದೀನಿ, ಹೆಸರಿಲ್ಲದ ಜೀವ ಎಲ್ಲಾ ಕಸ ಅಂತ. ಗುಡಿಸಿ ಬಕೆಟ್‌ಗೆ ಹಾಕುತ್ತೆ!"

ಒತ್ತಿಯೇಬಿಟ್ಟರು. ದೀಪ ಮಂಕಾಯಿತು. ಹೂರಣ ಹೊಂಬಣ್ಣಕ್ಕೆ ಹೊಳೆಯಿತು, ಒಂದು ಸೊಳ್ಳೆಯೂ ಗುಂಯ್ ಎನ್ನಲಿಲ್ಲ. ಸುಬ್ಬಿ ಮೀಸೆ ನೆಕ್ಕುತ್ತ ಹೊಸ್ತಿಲ ಮೇಲೆ ಕೂತಿತ್ತು.

ತೊಟ್ಟಿಲು ಬರಿದಾಗಿ, ತಾನೇ ತೂಗುತ್ತಿತ್ತು.

ಗಂಗಾಂಬಿಕೆ ದುಪ್ಪಟಿ ಎತ್ತಿ ನೋಡಿದರು. ಬಟ್ಟೆ ಇನ್ನೂ ಬೆಚ್ಚಗಿತ್ತು. ಅಷ್ಟರಲ್ಲಿ ಸ್ಪೀಕರಿನಿಂದ, ಬಾವಿಯ ಆಳದಿಂದ ಬಂದ ಹಾಗೆ, ಮಗುವಿನ ಅಳು ಕೇಳಿಸಿತು. ಪರದೆಯ ಮೇಲೆ ಅಕ್ಷರ ಮೂಡಿತು: 'ಕಸ ಬಕೆಟ್‌ನಲ್ಲಿದೆ. ದೀಪ ಹಚ್ಚುವ ಹೊತ್ತಿಗೆ ಅಳಿಸಲಾಗುವುದು.'

"ಬೆಕ್ಕಿಗೆ ಹೆಸರಿದೆ, ನನ್ನ ಮೊಮ್ಮಗನಿಗೆ ಇಲ್ಲ! ನಿಮ್ಮ ಯಂತ್ರಕ್ಕೆ ಬೆಂಕಿ ಹಾಕ! ತರಿಸ್ರೀ ಮಗೂನ!"

ಮರುಳಪ್ಪ ಕೀಬೋರ್ಡಿಗೆ ಬಗ್ಗಿದರು. "ಅದು... ಹೆಸರು ಹೇಳಿದ್ರೆ ಮಾತ್ರ ಕೊಡುತ್ತೆ ಕಣೇ."

"ರಿಯಾಂಶ್ ಅಂತ ಇನ್ನೂ ಕಿವೀಲಿ ಹೇಳೇ ಇಲ್ವಲ್ರೀ! ಹಂಗಾದ್ರೆ ನಾವು ಕರೆಯೋದನ್ನೇ ಒತ್ತಿ!"

'ಚಿನ್ನ ತಾ.' ಟಣ್ ಎಂದು ತೊಟ್ಟಿಲಿಗೆ ಏನೋ ಬಿತ್ತು. ಗಂಗಾಂಬಿಕೆ ಮದುವೆಯಾದ ವರ್ಷ ಬಚ್ಚಲಲ್ಲಿ ಕಳಕೊಂಡಿದ್ದ ಮೂಗುಬೊಟ್ಟು! ಇನ್ನೂ ಒದ್ದೆಯಾಗಿತ್ತು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದರು. ಈಗ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

'ಪುಟ್ಟ ತಾ.' ತೊಟ್ಟಿಲಲ್ಲಿ ಮಗು ಕಿಟಾರನೆ ಕಿರುಚಿತು! ಗಂಗಾಂಬಿಕೆ ಬಾಚಿ ಎತ್ತಿಕೊಂಡರು. ಅದರ ಮೂಗು ಗಿಣಿಮೂಗು, ಬಲಗೆನ್ನೆಯ ಮೇಲೆ ಮಚ್ಚೆ. ಮರುಳಪ್ಪನ ಗಿಣಿಮೂಗು, ಮರುಳಪ್ಪನ ಮಚ್ಚೆ!

"ನಮ್ಮಮ್ಮ ಇದೇ ಮನೇಲಿ ನನ್ನನ್ನ ಪುಟ್ಟ ಅಂತಿದ್ಲು..." ಎಂದು ಮರುಳಪ್ಪ ಕೈಚಾಚಿದರು. ಕೂಸು ಮರುಳಪ್ಪ ದೊಡ್ಡ ಮರುಳಪ್ಪನನ್ನು ದುರುಗುಟ್ಟಿ ನೋಡಿ, ಅವರ ಪಂಚೆಯ ಮೇಲೆ ಉಚ್ಚೆ ಹೊಯ್ಯಿತು.

"ಕಳಿಸ್ರೀ ವಾಪಸ್! ನಿಮ್ಮನ್ನ ಎರಡನೇ ಸಲ ಸಾಕೋಕೆ ನನ್ನ ಕೈಲಾಗಲ್ಲ!"

'ಪುಟ್ಟ ಉಳಿಸು' ಎಂದೊತ್ತಿದರು. ಮಗು ಮಾಯವಾಯಿತು. ಪಂಚೆ ಒದ್ದೆಯಾಗಿಯೇ ಉಳಿಯಿತು.

ಕಿಟಕಿಯ ಬಿಸಿಲು ಕೆಂಪಾಗುತ್ತ ಬಂದಿತ್ತು. ಬಚ್ಚಲಿಂದ ಶೈಲಜಾ, "ಅಮ್ಮಾ, ಪಾಪು ಎದ್ದಿದ್ದಾನಾ? ಯಾಕೆ ಅಳು ಅಷ್ಟು ದೂರ ಕೇಳುತ್ತೆ?" ಎಂದು ಕೂಗಿದಳು. ಬಾಣಂತಿ ಎಣ್ಣೆಸ್ನಾನ ಮುಗಿಸಿ ಬಂದು ಬರಿದಾದ ತೊಟ್ಟಿಲು ನೋಡಿದರೆ ಗತಿಯೇನು?

'ಕೂಸು ತಾ.'

ಅಳು ಥಟ್ಟನೆ ನಿಂತಿತು. ಪರದೆ ಬಹಳ ಹೊತ್ತು ಕಪ್ಪಾಗಿತ್ತು. ಆಮೇಲೆ ಬರೆಯಿತು: 'ಕೂಸು ಎರಡು ಇವೆ. ಯಾವುದು?'

"ಎರಡೆಲ್ಲಿಂದ ಬಂತು?" ಮರುಳಪ್ಪ ತಲೆ ಕೆರೆದುಕೊಂಡರು. ಗಂಗಾಂಬಿಕೆ ಕಿವಿಗೊಟ್ಟರು. ಸ್ಪೀಕರಿನಲ್ಲಿ ಅಳು ಮತ್ತೆ ಶುರುವಾಗಿತ್ತು. ಅದರ ಹಿಂದೆ ಇನ್ನೊಂದು, ತೀರ ಸಣ್ಣದು, ಅತ್ತೂ ಅತ್ತೂ ಸೋತುಹೋದದ್ದು. ಆ ದನಿಯನ್ನು ಹೆತ್ತ ಕರುಳು ಮರೆಯುತ್ತದೆಯೇ? ಶೈಲಜಾಗಿಂತ ಮೊದಲು ಇದೇ ಮನೆಯಲ್ಲಿ ಒಂದು ಗಂಡುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಜ್ವರದಲ್ಲಿ ತೀರಿಹೋಯಿತು. ಹೆಸರಿಲ್ಲದ ಮಗುವಿಗೆ ಅಳಬಾರದು ಎಂದು ಹಿರಿಯರು ಗದರಿದ್ದರು. ಗಂಗಾಂಬಿಕೆಯೂ ಅತ್ತಿರಲಿಲ್ಲ.

ಮರುಳಪ್ಪನಿಗೂ ಆಗ ಹೊಳೆಯಿತು. "ಗಂಗೂ," ಎಂದರು ಮೆಲ್ಲಗೆ, "ಅವನನ್ನ ಕರೆದ್ರೆ... ಬರ್ತಾನೆ ಕಣೇ."

ಗಂಗಾಂಬಿಕೆಯ ಕೈ ಕೀಬೋರ್ಡಿನವರೆಗೆ ಹೋಗಿ ನಿಂತಿತು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ತೋಳು ಆಗಲೇ ಎತ್ತಿಕೊಳ್ಳುವ ಹಾಗೆ ಬಾಗಿತ್ತು. ಆದರೆ ಬಂದರೆ ಎಷ್ಟು ದಿನಕ್ಕೆ ಬರುತ್ತಾನೆ? ಆ ಜ್ವರವೂ ಜೊತೆಗೇ ಬರುತ್ತದಲ್ಲವೇ? ಹಾಗಂತ ಸೊಳ್ಳೆ ಜಿರಲೆಗಳ ನಡುವೆ ಕಸವೆಂದು ಬಿಟ್ಟುಬಿಡುವುದೇ?

ಅವರು ಸ್ಪೀಕರಿಗೆ ಬಾಯಿಟ್ಟು, ಮಗುವಿನ ಕಿವಿಯಲ್ಲಿ ಹೇಳುವಂತೆ ಏನೋ ಪಿಸುಗುಟ್ಟಿದರು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ತಾವೇ ಒತ್ತಿದರು: 'ಚನ್ನಮಲ್ಲ ಉಳಿಸು.'

ಸಣ್ಣ ಅಳು ನಿಂತಿತು. ಹಾಲು ಕುಡಿದು ಮಲಗುವ ಮಗು ಬಿಡುವಂಥ ಒಂದು ನಿಟ್ಟುಸಿರು ಕೇಳಿಸಿತು.

'ಕೂಸು ಒಂದು ಇದೆ,' ಎಂದಿತು ಪರದೆ.

"ತಾ!" ಎಂದು ಗಂಗಾಂಬಿಕೆ ಬಾಯಲ್ಲೂ ಕೂಗಿ ಕೈಯಲ್ಲೂ ಒತ್ತಿದರು. ತೊಟ್ಟಿಲು ಧಡ್ ಎಂದು ತೂಕಕ್ಕೆ ಜಗ್ಗಿತು. ಮೊಮ್ಮಗ ಕೆಂಪು ಮುಖ ಮಾಡಿಕೊಂಡು ಒದೆಯುತ್ತಿದ್ದ, ಅವನೊಂದಿಗೆ ಬಂದ ಮನೆಯ ಸಮಸ್ತ ಸೊಳ್ಳೆಗಳೂ ಗುಂಯ್ ಎಂದವು. ಶೈಲಜಾ ತಲೆ ಒರೆಸಿಕೊಳ್ಳುತ್ತ ಬಂದು, "ಯಾಕಮ್ಮ ಅಳ್ತಿದ್ದೀಯ?" ಎಂದಳು.

"ಹೊಗೆ ಕಣೇ, ಸಾಂಬ್ರಾಣಿ ಹೊಗೆ."

ಮಾರನೇ ದಿನ ಗಂಗಾಂಬಿಕೆ ತಾವೇ ಡಬ್ಬಿಯ ಪ್ಲಗ್ ಕಿತ್ತು ಮೂಲೆಗೆ ತಳ್ಳಿದರು. ಪ್ರಮೀಳಾ ಜರಿಸೀರೆ ಸರಭರ ಎನ್ನಿಸುತ್ತ ಬಂದಳು. ಮಗುವನ್ನು ತೊಟ್ಟಿಲಿಗೆ ಹಾಕಿ, ಕಿವಿಗೆ ಬಾಗಿ ಹೇಳಿದಳು: "ಚನ್ನಮಲ್ಲ."

ಎಲ್ಲರೂ ಬೆಪ್ಪಾದರು. "ಅಯ್ಯೋ! ನಾನು ಹೇಳಬೇಕಂತಿದ್ದದ್ದು ಅದಲ್ಲ! ಯಾರೋ ಹಿಂದಿನಿಂದ ಹೇಳಿಕೊಟ್ಟ ಹಾಗಾಯ್ತು!" ಎಂದು ಪ್ರಮೀಳಾ ಬಾಯಿ ಮುಚ್ಚಿಕೊಂಡಳು. ಕಿವಿಯಲ್ಲಿ ಹೇಳಿದ ಹೆಸರನ್ನು ವಾಪಸ್ ತೆಗೆದುಕೊಳ್ಳುವ ಹಾಗುಂಟೇ?

ಮೂಲೆಯಲ್ಲಿ, ಪ್ಲಗ್ ಇಲ್ಲದ ಡಬ್ಬಿ ಬೆಳಗಿತು. ಗಂಗಾಂಬಿಕೆ, ಮರುಳಪ್ಪ ಇಬ್ಬರೇ ನೋಡಿದರು. 'ಚನ್ನಮಲ್ಲ ಆಗಲೇ ಇದ್ದಾನೆ. ಅಳಿಸಿ ಬರೆಯಲೇ?'

"ಬೇಡಪ್ಪ," ಎಂದರು ಗಂಗಾಂಬಿಕೆ ಸಣ್ಣಗೆ. "ಇಬ್ಬರೂ ಇರಲಿ."

'ಸರಿ ಅಮ್ಮ.'

ಪರದೆ ಆರಿತು. ಮರುಳಪ್ಪ ಬೆವರು ಒರೆಸಿಕೊಂಡರು. "ಗಂಗೂ, ಆಣೆ ಮಾಡಿ ಹೇಳ್ತೀನಿ, ಅಮ್ಮ ಅನ್ನೋದನ್ನ ನಾನು ಅದಕ್ಕೆ ಕಲಿಸಿಯೇ ಇಲ್ಲ!"

ಗಂಗಾಂಬಿಕೆ ಹೋಳಿಗೆ ಬಡಿಸಲು ಎದ್ದರು. "ನೀವು ಯಾವ ಮಗೂಗೆ ತಾನೇ ಏನು ಕಲಿಸಿದ್ರಿ, ಹೇಳಿ."